ಹವಾಮಾನ ನೆರವು: ಸಾಲವನ್ನು ಬೇರೆ ಕಾಲಂನಲ್ಲಿ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಹವಾಮಾನ ಬದಲಾವಣೆ ಎದುರಿಸುವ ಕೆಲಸಕ್ಕೆ ಶ್ರೀಮಂತ ದೇಶಗಳು ಬಡ ದೇಶಗಳಿಗೆ ವರ್ಷಕ್ಕೆ 10 ಸಾವಿರ ಕೋಟಿ ಡಾಲರ್ ಕೊಡುತ್ತೇವೆ ಎಂದು ಆಡಿದ್ದ ಮಾತನ್ನು ತಡವಾಗಿಯಾದರೂ ಉಳಿಸಿಕೊಂಡವು ಎಂದು ನಿಮ್ಮ ಪತ್ರಿಕೆಯ ಲೇಖನವೊಂದರಲ್ಲಿ ಓದಿದೆ. ಅಂಕಿ ತಪ್ಪಲ್ಲ. ಆದರೆ ಲೇಖನದ ಉದ್ದಕ್ಕೂ ‘ನೆರವು’ ಅನ್ನುವ ಪದವೇ ಇತ್ತು. ‘ಸಾಲ’ ಅನ್ನುವ ಪದ ಒಂದು ಕಡೆಯೂ ಕಾಣಲಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸಾಲದ ಲೆಡ್ಜರ್ ಬರೆದವಳು ನಾನು. ಎರಡು ಸಲ ಓದಿದೆ, ಆಮೇಲೆ ಈ ಪತ್ರ ಬರೆಯಲು ಕೂತೆ.

ಮೊದಲು ನನ್ನ ಅನುಭವ ಹೇಳುತ್ತೇನೆ. ಅದಿಲ್ಲದೆ ನನ್ನ ಮಾತು ಅರ್ಥವಾಗುವುದಿಲ್ಲ.

ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಬ್ರಾಂಚಿನಲ್ಲಿ ನಾನು ಕೆಲವು ವರ್ಷ ಇದ್ದೆ. ಬ್ಯಾಂಕುಗಳು ಕೊಡುವ ಒಟ್ಟು ಸಾಲದಲ್ಲಿ ಶೇ 40 ಆದ್ಯತಾ ವಲಯಕ್ಕೆ, ಅದರೊಳಗೆ ಶೇ 18 ಕೃಷಿಗೆ ಹೋಗಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಒಳ್ಳೆಯ ನಿಯಮ. ಅದು ಇಲ್ಲದಿದ್ದರೆ ನಮ್ಮ ಬ್ಯಾಂಕು ಆ ಹಳ್ಳಿಯಲ್ಲಿ ಬಾಗಿಲು ತೆಗೆಯುತ್ತಲೇ ಇರಲಿಲ್ಲ. ಆದರೆ ಪ್ರತಿ ಮಾರ್ಚ್ ಕೊನೆಯ ವಾರ ಮೇಲಿನ ಆಫೀಸಿನಿಂದ ಫೋನು ಬರುತ್ತಿತ್ತು. ‘ಅಗ್ರಿ ಟಾರ್ಗೆಟ್‌ಗೆ ಇಷ್ಟು ಲಕ್ಷ ಕಡಿಮೆ ಇದೆ. ಏನು ಮಾಡ್ತೀರಿ?’

ಏನು ಮಾಡುತ್ತಿದ್ದೆವು ಹೇಳುತ್ತೇನೆ. ಮಗಳ ಮದುವೆಗೆ ಬಳೆ ಅಡವಿಡಲು ಒಬ್ಬ ತಾಯಿ ಬರುತ್ತಿದ್ದರು. ಅವರಿಗೆ ಬೇಕಾಗಿದ್ದು ಆಭರಣ ಸಾಲ. ‘ಅಮ್ಮಾ, ಮನೇಲಿ ಪಹಣಿ ಇದ್ಯಾ? ತಗೊಂಡು ಬನ್ನಿ, ಬಡ್ಡಿ ಕಡಿಮೆ ಆಗುತ್ತೆ’ ಅನ್ನುತ್ತಿದ್ದೆವು. ಪಹಣಿ ಬಂದ ಮೇಲೆ ಅದೇ ಬಳೆ, ಅದೇ ಹಣ ಪುಸ್ತಕದಲ್ಲಿ ‘ಅಡಿಕೆ ತೋಟದ ನಿರ್ವಹಣೆ’ ಆಗುತ್ತಿತ್ತು. ಇನ್ನೊಂದು ದಾರಿಯೂ ಇತ್ತು. ಹಳೆಯ ಬೆಳೆ ಸಾಲ ಕಟ್ಟಲಾಗದ ರೈತನನ್ನು ಕರೆಸುವುದು. ಬಡ್ಡಿಯನ್ನೂ ಸೇರಿಸಿ ಅದೇ ದಿನ ಹೊಸ ಸಾಲ ಬರೆಯುವುದು. ಹೊಸದರಿಂದ ಹಳೆಯದನ್ನು ಮುಗಿಸುವುದು. ವಸೂಲಾತಿಯೂ ಆಯಿತು, ಹೊಸ ಸಾಲ ಕೊಟ್ಟಂತೆಯೂ ಆಯಿತು. ನಾವು ಇದಕ್ಕೆ ಬುಕ್ ಅಡ್ಜಸ್ಟ್‌ಮೆಂಟ್ ಅನ್ನುತ್ತಿದ್ದೆವು. ಒಂದು ರೂಪಾಯಿ ಕೂಡ ಕೌಂಟರ್ ದಾಟುತ್ತಿರಲಿಲ್ಲ. ಟಾರ್ಗೆಟ್ ಮುಟ್ಟಿತು ಎಂದು ಮೇಲಿನಿಂದ ಅಭಿನಂದನೆಯ ಪತ್ರ ಬರುತ್ತಿತ್ತು. ಆ ಸಾಲದ ಕಾಗದಗಳ ಮೇಲೆ ನನ್ನ ಸಹಿಯೂ ಇದೆ. ಅದನ್ನು ನೆನೆದರೆ ಇವತ್ತಿಗೂ ಮನಸ್ಸಿಗೆ ಹಿತವಾಗುವುದಿಲ್ಲ.

ಜಗತ್ತಿನ ದೊಡ್ಡ ದೊಡ್ಡ ದೇಶಗಳು ಹವಾಮಾನದ ಹಣದ ವಿಷಯದಲ್ಲಿ ಮಾಡಿರುವುದೂ ಇದನ್ನೇ. ನಿವೃತ್ತಳಾದ ಮೇಲೆ ಈ ವಿಷಯ ಓದಲು ಶುರುಮಾಡಿದೆ. ಓದುತ್ತಾ ಹೋದಂತೆ ಪ್ರತಿ ಪುಟದಲ್ಲೂ ನನ್ನ ಬ್ರಾಂಚಿನ ಮಾರ್ಚ್ ತಿಂಗಳೇ ಕಾಣಿಸಿತು.

1992ರಲ್ಲಿ ರಿಯೊದಲ್ಲಿ ಆದ ಹವಾಮಾನ ಒಪ್ಪಂದದಲ್ಲಿ ಶ್ರೀಮಂತ ದೇಶಗಳು ‘ಹೊಸ ಮತ್ತು ಹೆಚ್ಚುವರಿ’ ಹಣ ಕೊಡಬೇಕು ಎಂದು ಬರೆಯಲಾಗಿತ್ತು. ಹೊಸದು ಅಂದರೆ ಯಾವುದಕ್ಕಿಂತ ಹೊಸದು, ಹೆಚ್ಚುವರಿ ಅಂದರೆ ಯಾವುದರ ಮೇಲೆ ಹೆಚ್ಚು ಎಂದು ಬರೆಯಲಿಲ್ಲ. ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ಅಭಿವೃದ್ಧಿ ನೆರವಿಗೆ ಕೊಡಬೇಕು ಎಂದು ವಿಶ್ವಸಂಸ್ಥೆ 1970ರಲ್ಲೇ ಹೇಳಿತ್ತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂಥ ಕೆಲವೇ ದೇಶಗಳು ಆ ಗೆರೆ ದಾಟಿದವು. ಹವಾಮಾನದ ಹಣ ಆ 0.7ರ ಮೇಲೆ ಬರಬೇಕು ಅನ್ನುವುದು ಬಡ ದೇಶಗಳ ವಾದ. ಅದು ಒಪ್ಪಂದದ ಒಳಗೆ ಬರಲಿಲ್ಲ. ಹಾಗಾಗಿ ಶಾಲೆಗೆ, ಆಸ್ಪತ್ರೆಗೆ ಹೋಗುತ್ತಿದ್ದ ಹಣದ ಹಣೆಪಟ್ಟಿ ಬದಲಾದರೂ ಕೇಳುವವರಿಲ್ಲ.

1997ರಲ್ಲಿ, ಶ್ರೀಮಂತ ದೇಶಗಳು ಹೊಗೆ ಕಡಿಮೆ ಮಾಡಬೇಕು ಎನ್ನುವ ಕ್ಯೋಟೊ ಒಪ್ಪಂದ ಆಯಿತು. ಮರುವರ್ಷದಿಂದ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಪ್ರತಿ ನೆರವಿನ ಯೋಜನೆಗೂ ಒಂದು ಗುರುತು ಹಾಕುವ ಪದ್ಧತಿ ತಂದಿತು. ಇಂಗಾಲದ ಹೊಗೆ ಕಡಿಮೆ ಮಾಡುವುದೇ ಮುಖ್ಯ ಉದ್ದೇಶವಾದರೆ 2. ಅದೂ ಒಂದು ಉದ್ದೇಶವಾದರೆ 1. ಸಂಬಂಧವೇ ಇಲ್ಲದಿದ್ದರೆ 0. ಇದಕ್ಕೆ ರಿಯೊ ಮಾರ್ಕರ್ ಎಂದು ಹೆಸರು. ಗುರುತು ಹಾಕುವವರು ಯಾರು? ಹಣ ಕೊಡುವ ದೇಶವೇ. ನಮ್ಮ ಬ್ರಾಂಚಿನಲ್ಲಿ ಸಾಲಕ್ಕೆ ಹೆಸರು ಬರೆಯುತ್ತಿದ್ದವರು ನಾವೇ ಆಗಿದ್ದಂತೆ. 1 ಗುರುತಿನ ಯೋಜನೆಯ ಹಣವನ್ನು ಕೆಲವು ದೇಶಗಳು ಪೂರ್ತಿ ಹವಾಮಾನದ ಲೆಕ್ಕಕ್ಕೆ ಸೇರಿಸುತ್ತವೆ. ಕೆಲವು ಅರ್ಧ ಸೇರಿಸುತ್ತವೆ. ಇನ್ನು ಕೆಲವು ಶೇ 40. ಜ್ಯೂರಿಚ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಆಕ್ಸೆಲ್ ಮತ್ತು ಕಥರೀನಾ ಮಿಖಾಯೆಲೋವಾ, ಈ ಗುರುತುಗಳನ್ನು ಒಂದೊಂದಾಗಿ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹವಾಮಾನಕ್ಕೆ ಸಂಬಂಧವೇ ಇಲ್ಲದ ಎಷ್ಟೋ ಯೋಜನೆಗಳಿಗೆ ಆ ಗುರುತು ಬಿದ್ದಿತ್ತು.

2009ರ ಡಿಸೆಂಬರ್ 17ರಂದು ಕೋಪನ್‌ಹೇಗನ್‌ನಲ್ಲಿ ಅಮೆರಿಕದ ಅಂದಿನ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಆ ದೊಡ್ಡ ಸಂಖ್ಯೆ ಹೇಳಿದರು. 2020ರ ಹೊತ್ತಿಗೆ ಎಲ್ಲರೂ ಸೇರಿ ವರ್ಷಕ್ಕೆ 10 ಸಾವಿರ ಕೋಟಿ ಡಾಲರ್. ಅಲ್ಲಿಯವರೆಗೆ ತುರ್ತಾಗಿ 2010ರಿಂದ 2012ರೊಳಗೆ 3 ಸಾವಿರ ಕೋಟಿ. ಈ 3 ಸಾವಿರ ಕೋಟಿಯಲ್ಲಿ ಅರ್ಧದಷ್ಟು, ಅಂದರೆ 1,500 ಕೋಟಿ ಡಾಲರ್, ತಾನೇ ಹಾಕುತ್ತೇನೆ ಎಂದಿತು ಜಪಾನ್. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಅದರ ಒಳಗೆ 2008ರಲ್ಲೇ ಘೋಷಿಸಿದ್ದ ‘ಕೂಲ್ ಅರ್ಥ್’ ಎಂಬ ಯೋಜನೆಯ ಹಣವೂ ಸೇರಿತ್ತು. ಹಳೆಯದನ್ನು ಹೊಸದಾಗಿ ಬರೆಯುವ ಕೆಲಸ ನನಗೆ ಚೆನ್ನಾಗಿ ಗೊತ್ತು.

ಹೀಗೆಂದ ಮಾತ್ರಕ್ಕೆ ಒಪ್ಪಂದಗಳೆಲ್ಲ ಸುಳ್ಳು, ಸುಮ್ನೆ ಕಾಗದ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಜೊತೆ ನನಗೆ ಜಗಳವಿದೆ. ಒಇಸಿಡಿ ಲೆಕ್ಕದ ಪ್ರಕಾರ 2013ರಲ್ಲಿ 5,240 ಕೋಟಿ ಡಾಲರ್ ಇದ್ದದ್ದು 2020ರಲ್ಲಿ 8,330 ಕೋಟಿ ಆಯಿತು. ಗುರಿ ತಪ್ಪಿತು. ಎರಡು ವರ್ಷ ತಡವಾಗಿ, 2022ರಲ್ಲಿ, 11,590 ಕೋಟಿ ಮುಟ್ಟಿತು. ಹೆಸರು ಬದಲಿಸಿದ್ದನ್ನೆಲ್ಲ ಕಳೆದರೂ ಇಷ್ಟು ಏರಿಕೆ ತಾನಾಗಿ ಬರುವುದಿಲ್ಲ. ಒಂದು ಸಂಖ್ಯೆ, ಒಂದು ದಿನಾಂಕ ಇತ್ತು. ವರ್ಷಕ್ಕೊಮ್ಮೆ ಎಲ್ಲರೂ ಒಂದು ಕಡೆ ಸೇರಿ ‘ಎಷ್ಟು ಕೊಟ್ಟೆ?’ ಎಂದು ಕೇಳುವ ಸಭೆಯೂ ಇತ್ತು. ಅದಕ್ಕೇ ಏರಿತು.

ನಾನು ನೋಡಿಕೊಳ್ಳುತ್ತಿದ್ದ ಮಹಿಳಾ ಸಂಘಗಳಲ್ಲೂ ಹಾಗೇ. ಒಬ್ಬರು ವಾರದ ಕಂತು ತಪ್ಪಿಸಿದರೆ ಉಳಿದವರು ಸೇರಿ ತುಂಬುತ್ತಿದ್ದರು, ಸಂಘದ ಹೆಸರು ಕೆಡಬಾರದು ಎಂದು. ಬಡ ದೇಶಗಳ ಹವಾಮಾನದ ಕೆಲಸಕ್ಕೆಂದು ಇರುವ ಹಸಿರು ಹವಾಮಾನ ನಿಧಿಯಲ್ಲಿ ಇದೇ ಆಯಿತು. ಈ ನಿಧಿಗೆ 300 ಕೋಟಿ ಡಾಲರ್ ಕೊಡುತ್ತೇನೆ ಎಂದು ಪ್ಯಾರಿಸ್ ಒಪ್ಪಂದಕ್ಕೆ ಒಂದು ವರ್ಷ ಮೊದಲು, 2014ರಲ್ಲಿ, ಒಬಾಮಾ ಸರ್ಕಾರ ಹೇಳಿತ್ತು. 100 ಕೋಟಿ ಕೊಡುವಷ್ಟರಲ್ಲಿ ಸರ್ಕಾರ ಬದಲಾಯಿತು. 2017ರ ಜೂನ್ 1ರಂದು ಟ್ರಂಪ್ ಪ್ಯಾರಿಸ್ ಒಪ್ಪಂದದಿಂದ ಹೊರಗೆ ಹೋಗುತ್ತೇವೆ ಎಂದರು. ಉಳಿದ ಹಣ ನಿಂತಿತು. ಆದರೆ 2019ರಲ್ಲಿ ನಿಧಿ ಮತ್ತೆ ತುಂಬುವ ಹೊತ್ತಿಗೆ ಜರ್ಮನಿ, ಫ್ರಾನ್ಸ್, ಬ್ರಿಟನ್, ನಾರ್ವೆ, ಸ್ವೀಡನ್ ತಮ್ಮ ಪಾಲನ್ನು ಎರಡರಷ್ಟು ಮಾಡಿದವು. ಒಪ್ಪಂದ ಇಲ್ಲದಿದ್ದರೆ ಅವರು ಯಾಕೆ ಹಾಗೆ ಮಾಡುತ್ತಿದ್ದರು?

ಈಗ ಸಾಲದ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ಮಾತು ಇದೇ.

2022ರ ಆ 11,590 ಕೋಟಿಯಲ್ಲಿ ಸರ್ಕಾರಗಳಿಂದ ಮತ್ತು ವಿಶ್ವ ಬ್ಯಾಂಕಿನಂಥ ಸಂಸ್ಥೆಗಳಿಂದ ಬಂದ ಹಣದ ಶೇ 69 ಸಾಲ. ವಾಪಸ್ ಕೊಡಬೇಕಿಲ್ಲದ ಹಣ ಶೇ 28 ಮಾತ್ರ. ಒಟ್ಟು ಮೊತ್ತದ ಶೇ 60ರಷ್ಟು ಹೋದದ್ದು ಹೊಗೆ ಕಡಿಮೆ ಮಾಡುವ ಕೆಲಸಕ್ಕೆ, ಅಂದರೆ ಸೋಲಾರ್, ಗಾಳಿ ವಿದ್ಯುತ್, ಮೆಟ್ರೊ ಇಂಥವಕ್ಕೆ. ಯಾಕೆ ಎಂದು ಯಾವ ಫೀಲ್ಡ್ ಆಫೀಸರನ್ನು ಕೇಳಿದರೂ ಹೇಳುತ್ತಾರೆ. ಕರೆಂಟು ಮಾರಿದರೆ ಹಣ ಬರುತ್ತದೆ, ಕಂತು ಕಟ್ಟಬಹುದು. ಕಡಲ ಕೊರೆತಕ್ಕೆ ಗೋಡೆ ಕಟ್ಟಿದರೆ, ಬರ ತಾಳುವ ಬಿತ್ತನೆ ಬೀಜ ಹಂಚಿದರೆ ಕಂತು ಎಲ್ಲಿಂದ ಬರಬೇಕು? ಇನ್ನೊಂದು ಕಾರಣವೂ ಇದೆ. ಇಲ್ಲಿ ಹೊಗೆ ಕಡಿಮೆಯಾದರೆ ಅದರ ಲಾಭ ಬರ್ಲಿನ್‌ಗೂ ಟೋಕಿಯೊಗೂ ಸಿಗುತ್ತದೆ. ಕೊಟ್ಟವರಿಗೂ ಲಾಭವಿರುವ ಕೆಲಸಕ್ಕೆ ಕೊಟ್ಟ ಸಾಲ ಅದು. ಅದರಲ್ಲಿ ತಪ್ಪೇನಿಲ್ಲ. ಪೂರ್ತಿ ಮೊತ್ತವನ್ನು ನೆರವು ಎಂದು ಬರೆಯುವುದು ತಪ್ಪು.

ಒಂದು ಸಣ್ಣ ಲೆಕ್ಕ ನೋಡಿ. ರೈತನೊಬ್ಬನಿಗೆ ಒಂದು ಲಕ್ಷ ಸಾಲ ಶೇ 4ರ ಬಡ್ಡಿಗೆ ಸಿಕ್ಕಿತು. ಹೊರಗೆ ಶೇ 10 ಇದೆ. ವರ್ಷ ಮುಗಿದಾಗ ಅವನಿಗೆ ಆದ ಉಪಕಾರ ಆರು ಸಾವಿರ ರೂಪಾಯಿ. ಆ ಆರು ಸಾವಿರವೇ ನೆರವು. ಉಳಿದ ಲಕ್ಷ ಅವನೇ ದುಡಿದು ತೀರಿಸುವ ಹಣ. ‘ಈ ರೈತನಿಗೆ ಸರ್ಕಾರ ಒಂದು ಲಕ್ಷ ಕೊಟ್ಟಿತು’ ಎಂದು ಪೇಪರಿನಲ್ಲಿ ಬಂದರೆ ಅವನಿಗೆ ಹೇಗನ್ನಿಸಬೇಡ? ಆಕ್ಸ್‌ಫಾಮ್ ಸಂಸ್ಥೆ ಹೀಗೇ ಲೆಕ್ಕ ಹಾಕಿ, 2022ರ ಹವಾಮಾನ ಹಣದ ನಿಜವಾದ ಬೆಲೆ 2,800ರಿಂದ 3,500 ಕೋಟಿ ಡಾಲರ್ ಎಂದಿತು. ಘೋಷಿಸಿದ್ದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ನನಗೆ ಬಹಳ ಬೇಸರ ತರಿಸಿದ್ದು ಇದು: ಸರಿಯಾದ ಲೆಕ್ಕ ಅವರಿಗೆ ಗೊತ್ತಿಲ್ಲ ಎಂದಲ್ಲ. ಸಾಮಾನ್ಯ ಅಭಿವೃದ್ಧಿ ನೆರವಿಗೆ ಇದೇ ಒಇಸಿಡಿ 2018ರ ಅಂಕಿಗಳಿಂದ ರಿಯಾಯಿತಿಯ ಭಾಗವನ್ನು ಮಾತ್ರ ಎಣಿಸುತ್ತಿದೆ. ಹವಾಮಾನದ ಪುಸ್ತಕದಲ್ಲಿ ಮಾತ್ರ ಸಾಲದ ಪೂರ್ತಿ ಮೊತ್ತ. ನಾವು ಅಸಲು, ಬಡ್ಡಿ ವಾಪಸ್ ಕಟ್ಟಿದ್ದನ್ನು ಯಾರೂ ಕಳೆಯುವುದೂ ಇಲ್ಲ. 2018ರಲ್ಲಿ ಪೋಲೆಂಡಿನ ಕಟೊವಿಟ್ಸೆಯಲ್ಲಿ ಪ್ಯಾರಿಸ್ ಒಪ್ಪಂದದ ನಿಯಮಾವಳಿ ಬರೆದಾಗ ರಿಯಾಯಿತಿಯ ಭಾಗವನ್ನು ಬೇರೆಯಾಗಿ ತೋರಿಸುವುದನ್ನು ಆಯಾ ದೇಶದ ಇಷ್ಟಕ್ಕೆ ಬಿಟ್ಟರು. ‘ಕಡ್ಡಾಯವಾಗಿ’ ಎಂಬ ಒಂದು ಪದ ಸೇರಿಸಿದ್ದರೆ ಸಾಕಿತ್ತು.

ಅಂಥ ಪದ ಬರೆಯಲು ಆಗುವುದಿಲ್ಲ ಎಂದೂ ಹೇಳುವಂತಿಲ್ಲ. ಕ್ಯೋಟೊ ಒಪ್ಪಂದದ ಕೆಳಗೆ ಶ್ರೀಮಂತ ದೇಶಗಳು ನಮ್ಮಂಥ ಕಡೆಯ ಯೋಜನೆಗಳಿಂದ ಇಂಗಾಲದ ಕ್ರೆಡಿಟ್, ಅಂದರೆ ಇಲ್ಲಿ ಕಡಿಮೆಯಾದ ಹೊಗೆಯನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುವ ಹಕ್ಕು, ಕೊಳ್ಳಬಹುದಿತ್ತು. ಆಗ 2001ರಲ್ಲಿ ಮರ್ರಾಕೇಶ್‌ನಲ್ಲಿ, ಇದಕ್ಕಾಗಿ ಅಭಿವೃದ್ಧಿ ನೆರವಿನ ಹಣವನ್ನು ತಿರುಗಿಸಬಾರದು ಎಂದು ಸ್ಪಷ್ಟವಾಗಿ ಬರೆದರು. ಆಮೇಲೆ ಒಇಸಿಡಿ, ಕ್ರೆಡಿಟ್ ಕೊಳ್ಳಲು ಬಳಸಿದ ಹಣವನ್ನು ನೆರವು ಎಂದು ತೋರಿಸುವಂತಿಲ್ಲ ಎಂದು ನಿಯಮ ಮಾಡಿತು.

ನಿಯಮ ಇಲ್ಲದ ಕಡೆ ಏನಾಯಿತು ಎಂದು ರಾಯಿಟರ್ಸ್ ಸುದ್ದಿಸಂಸ್ಥೆ 2023ರಲ್ಲಿ ತನಿಖೆ ಮಾಡಿ ಬರೆಯಿತು. ಏಷ್ಯಾದಲ್ಲಿ ಚಾಕೊಲೇಟ್ ಮತ್ತು ಐಸ್‌ಕ್ರೀಂ ಅಂಗಡಿ ತೆರೆಯಲು ಇಟಲಿ ಕೊಟ್ಟ ಹಣ ಹವಾಮಾನದ ಲೆಕ್ಕದಲ್ಲಿತ್ತು. ಬಾಂಗ್ಲಾದೇಶದ ಮಾತರ್‌ಬಾಡಿಯ ಕಲ್ಲಿದ್ದಲು ಸ್ಥಾವರಕ್ಕೆ ಜಪಾನ್ ಕೊಟ್ಟ ಸಾಲವೂ ಇತ್ತು. ಕಲ್ಲಿದ್ದಲು, ಸ್ವಾಮಿ! ಹೊಗೆ ಕಡಿಮೆ ಮಾಡುವ ಲೆಕ್ಕದಲ್ಲಿ!

ನಮ್ಮದೇ ಕಡೆಯ ಉದಾಹರಣೆಗಳು ಬೇಕೆಂದರೆ ಇವೆ. ಕಟ್ಟಡಗಳ ಚಾವಣಿಯ ಸೋಲಾರ್‌ಗಾಗಿ 2016ರಲ್ಲಿ ಸ್ಟೇಟ್ ಬ್ಯಾಂಕ್ ಮೂಲಕ ವಿಶ್ವ ಬ್ಯಾಂಕಿನಿಂದ ಬಂದ ಪ್ಯಾಕೇಜ್ 62.5 ಕೋಟಿ ಡಾಲರ್. ಅದರಲ್ಲಿ 50 ಕೋಟಿ ಸಾಮಾನ್ಯ ಸಾಲ, 12 ಕೋಟಿ ರಿಯಾಯಿತಿ ಸಾಲ. ವಾಪಸ್ ಕೊಡಬೇಕಿಲ್ಲದ ಹಣ 50 ಲಕ್ಷ ಡಾಲರ್. 125ಕ್ಕೆ ಒಂದು ಪಾಲು! ಬೆಂಗಳೂರು ಮೆಟ್ರೊದ ಮೊದಲ ಹಂತಕ್ಕೆ ಜಪಾನಿನ ನೆರವು ಸಂಸ್ಥೆ ಜೈಕಾ ಸಾಲ ಕೊಟ್ಟಿದೆ. ಕಾಳೇನ ಅಗ್ರಹಾರದಿಂದ ನಾಗವಾರದ ಗುಲಾಬಿ ಮಾರ್ಗಕ್ಕೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ 50 ಕೋಟಿ ಯೂರೋ ಸಾಲ ಕೊಟ್ಟಿದೆ. ಜಯನಗರದ ಮಗಳ ಮನೆಗೆ ಹೋದಾಗಲೆಲ್ಲ ನಾನು ಮೆಟ್ರೊದಲ್ಲೇ ಓಡಾಡುವುದು. ಒಳ್ಳೆಯ ಸಾಲ, ಒಳ್ಳೆಯ ಕೆಲಸಕ್ಕೆ ಹೋಗಿದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಕಂತನ್ನು ಕೊನೆಗೆ ಕಟ್ಟುವುದು ಟಿಕೆಟ್ ತೆಗೆದುಕೊಳ್ಳುವವರು ಮತ್ತು ತೆರಿಗೆ ಕಟ್ಟುವವರು. ಜೊತೆಗೆ ವಿದೇಶಿ ಹಣದ ಏರಿಳಿತವೂ ನಮ್ಮ ತಲೆಯ ಮೇಲೇ. 2009ರ ಡಿಸೆಂಬರಿನಲ್ಲಿ ಡಾಲರ್ 46 ರೂಪಾಯಿಯ ಆಸುಪಾಸಿನಲ್ಲಿತ್ತು. 2024ರ ನವೆಂಬರಿನಲ್ಲಿ 84 ದಾಟಿತ್ತು. ಡಾಲರಿನಲ್ಲಿ ತಂದ ಸಾಲದ ಬಡ್ಡಿ ಎಷ್ಟೇ ಕಡಿಮೆ ಇರಲಿ, ಅಸಲೇ ಬೆಳೆದುಬಿಡುತ್ತದೆ. ಭಾರತ ಹೇಗೋ ತಡೆದುಕೊಳ್ಳುತ್ತದೆ. ಈಗಾಗಲೇ ಸಾಲದಲ್ಲಿ ಮುಳುಗಿರುವ ಆಫ್ರಿಕಾದ ಸಣ್ಣ ದೇಶಗಳ ಗತಿ?

ನಿಜವಾದ ನೆರವು ಹೇಗಿರುತ್ತದೆ ಎಂದೂ ನಾನು ಹತ್ತಿರದಿಂದ ನೋಡಿದ್ದೇನೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ನಮ್ಮ ರಾಜ್ಯದಲ್ಲಿ ಮನೆ ಸೋಲಾರ್ ಸಾಲದ ಯೋಜನೆ ಶುರು ಮಾಡಿದರು. ದುಡ್ಡು ಪ್ರತಿಷ್ಠಾನಗಳದ್ದು, ಸರ್ಕಾರಗಳದ್ದಲ್ಲ. ಒಟ್ಟು ಸುಮಾರು 15 ಲಕ್ಷ ಡಾಲರ್ ಅಷ್ಟೇ. ಆ ಹಣವನ್ನು ಸಾಲವಾಗಿ ಹಂಚಲಿಲ್ಲ. ಜನರ ಬಡ್ಡಿ ಇಳಿಸಲು ಬಳಸಿದರು. ಶೇ 12ರ ಸುಮಾರಿನಲ್ಲಿದ್ದ ಬಡ್ಡಿ ಶುರುವಿನಲ್ಲಿ ಶೇ 5ಕ್ಕೆ ಬಂತು. ಆಮೇಲೆ ಸಬ್ಸಿಡಿಯನ್ನು ಮೆಲ್ಲಗೆ ಕಡಿಮೆ ಮಾಡುತ್ತಾ ಹೋದರು. ಸಾಲ ಕೊಟ್ಟದ್ದು ಬ್ಯಾಂಕುಗಳು, ತಮ್ಮ ಸ್ವಂತ ಹಣದಿಂದ. ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಒಂದು ಲಕ್ಷದಷ್ಟು ಜನರ ಮನೆಗೆ ಸೋಲಾರ್ ದೀಪ ಬಂತು.

ನನ್ನ ಬ್ಯಾಂಕು ಬೇರೆ. ಆದರೆ ಪಕ್ಕದ ಊರಿನ ಬ್ರಾಂಚಿನಲ್ಲಿ ಈ ಸಾಲಕ್ಕೆ ಕೂತಿದ್ದ ಜನರನ್ನು ನೋಡಿದ್ದೇನೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಮೂರು ದಿನವಾದರೂ ಬರುತ್ತಿರಲಿಲ್ಲ. ನನ್ನ ಬಳಿ ಉಳಿತಾಯ ಖಾತೆ ಇದ್ದ ಒಬ್ಬ ಅಜ್ಜಿ ಅಲ್ಲಿ ಸಾಲ ಮಾಡಿ ನಾಲ್ಕು ದೀಪದ ಸೆಟ್ ಹಾಕಿಸಿದರು. ಒಂದು ದೀಪ ಕೊಟ್ಟಿಗೆಗೆ. ‘ರಾತ್ರಿ ಹಸು ಕರು ಹಾಕಿದ್ರೆ ಇನ್ನು ಸೀಮೆಎಣ್ಣೆ ಬುಡ್ಡಿ ಹಿಡ್ಕೊಂಡು ಓಡೋದು ಬೇಡ ಮೇಡಂ’ ಎಂದಿದ್ದರು. ಆ ಮನೆಯಲ್ಲಿ ಸೀಮೆಎಣ್ಣೆ ಸುಡುವುದು ನಿಂತಿತು. ಹೊಗೆ ಕಡಿಮೆ ಮಾಡುವುದು ಎಂದರೆ ನನಗೆ ಇವತ್ತಿಗೂ ನೆನಪಾಗುವುದು ಆ ಕೊಟ್ಟಿಗೆಯ ದೀಪ. ಈ ಯೋಜನೆಯ ಪುಸ್ತಕ ಎಷ್ಟು ಸರಳ ನೋಡಿ. ಒಂದು ಕಾಲಂನಲ್ಲಿ ಬ್ಯಾಂಕಿನ ಸಾಲ, ಇನ್ನೊಂದರಲ್ಲಿ ಹೊರಗಿನಿಂದ ಬಂದ ಬಡ್ಡಿ ಸಬ್ಸಿಡಿ. ಎರಡನ್ನೂ ಯಾರೂ ಕೂಡಿಸಿ ಹೇಳಲಿಲ್ಲ.

ನಮ್ಮ ಕೇಂದ್ರ ಹಣಕಾಸು ಇಲಾಖೆ ಈ ಪ್ರಶ್ನೆಯನ್ನು ಹಿಂದೆಯೇ ಎತ್ತಿದೆ ಎಂಬುದು ನನಗೆ ಹೆಮ್ಮೆಯ ವಿಷಯ. 2014ರಲ್ಲಿ 6,200 ಕೋಟಿ ಡಾಲರ್ ಬಂತು ಎಂದು ಒಇಸಿಡಿ ಹೇಳಿದಾಗ, ಪ್ಯಾರಿಸ್ ಸಭೆಗೆ ಸ್ವಲ್ಪ ಮುಂಚೆ ಇಲಾಖೆ ಒಂದು ಟಿಪ್ಪಣಿ ಹೊರಡಿಸಿತು. ಹವಾಮಾನಕ್ಕೆಂದೇ ಇರುವ ನಿಧಿಗಳಿಂದ ನಿಜವಾಗಿ ಬಿಡುಗಡೆಯಾದ, ಖಚಿತ ಎನ್ನಬಹುದಾದ ಮೊತ್ತ 220 ಕೋಟಿ ಮಾತ್ರ ಎಂದು ಅದರಲ್ಲಿತ್ತು. 2024ರ ನವೆಂಬರಿನಲ್ಲಿ ಬಾಕುವಿನ ಹವಾಮಾನ ಸಭೆಯಲ್ಲಿ ಹೊಸ ಗುರಿ ಘೋಷಿಸಿದರು: 2035ರ ಹೊತ್ತಿಗೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರ್. ಇದು ಕಣ್ಣುಕಟ್ಟು ಎಂದು ನಮ್ಮ ಅಧಿಕಾರಿ ಚಾಂದನಿ ರೈನಾ ಅಲ್ಲೇ ಎದ್ದು ಹೇಳಿದರು. ಮೊತ್ತ ಕಡಿಮೆ ಎಂಬುದು ಅವರ ದೊಡ್ಡ ಆಕ್ಷೇಪ. ನಾನಾದರೆ ಇನ್ನೊಂದನ್ನು ಸೇರಿಸುತ್ತೇನೆ. ಅದರಲ್ಲಿ ಸಾಲ ಎಷ್ಟಿರಬಹುದು ಎಂಬುದಕ್ಕೆ ಮಿತಿಯೇ ಇಲ್ಲ. ಮೂರು ಪಟ್ಟು ದೊಡ್ಡ ಟಾರ್ಗೆಟ್, ಎಣಿಸುವ ಪುಸ್ತಕ ಅದೇ ಹಳೆಯದು. ಮಾರ್ಚ್ ಕೊನೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು.

ಈಗಂತೂ ಕೊಡುವ ಕೈಗಳೇ ಹಿಂದೆ ಸರಿಯುತ್ತಿವೆ. 2025ರ ಜನವರಿಯಲ್ಲಿ ಅಮೆರಿಕ ಮತ್ತೆ ಪ್ಯಾರಿಸ್ ಒಪ್ಪಂದ ಬಿಡುವುದಾಗಿ ಹೇಳಿತು. ಜುಲೈ ಹೊತ್ತಿಗೆ ಅದರ ನೆರವು ಸಂಸ್ಥೆ ಯುಎಸ್‌ಏಡ್‌ನ ಬಾಗಿಲೇ ಮುಚ್ಚಿತು. ಬ್ರಿಟನ್ ತನ್ನ ಒಟ್ಟು ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುತ್ತೇನೆ ಎಂದಿದೆ. ನೆರವು ಕುಗ್ಗಿ ಗುರಿ ದೊಡ್ಡದಾದಾಗ ಉಳಿಯುವ ಸುಲಭ ದಾರಿ ಎರಡೇ. ಸಾಲವನ್ನು ಜಾಸ್ತಿ ಮಾಡುವುದು, ಇಲ್ಲವೇ ಹೆಸರು ಬದಲಿಸುವುದು.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಹವಾಮಾನ ಸಭೆಯ ವರದಿ ಮಾಡುವಾಗ ಒಟ್ಟು ಮೊತ್ತ ಒಂದನ್ನೇ ಹಾಕಬೇಡಿ. ದಯವಿಟ್ಟು ಮೂರು ಕಾಲಂ ಹಾಕಿ. ವಾಪಸ್ ಕೊಡಬೇಕಿಲ್ಲದ ಹಣ ಎಷ್ಟು, ಸಾಲ ಎಷ್ಟು, ಆ ವರ್ಷ ನಮ್ಮಂಥ ದೇಶಗಳು ವಾಪಸ್ ಕಟ್ಟಿದ್ದು ಎಷ್ಟು. ಪ್ಯಾರಿಸ್ ಒಪ್ಪಂದದ ಪ್ರಕಾರ ದೇಶಗಳು ಎರಡು ವರ್ಷಕ್ಕೊಮ್ಮೆ ಕೊಡಬೇಕಾದ ವರದಿಗಳ ಮೊದಲ ಕಂತಿಗೆ 2024ರ ಡಿಸೆಂಬರ್ 31 ಗಡುವಾಗಿತ್ತು. ಸಲ್ಲಿಸಿದ ವರದಿಗಳು ವಿಶ್ವಸಂಸ್ಥೆಯ ಹವಾಮಾನ ಕಚೇರಿಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತವೆ. ಕೆಲವು ದೇಶಗಳು ರಿಯಾಯಿತಿಯ ಭಾಗವನ್ನು ತೋರಿಸಿವೆ, ಕೆಲವು ಆ ಕಾಲಂ ಖಾಲಿ ಬಿಟ್ಟಿವೆ. ಯಾರು ಖಾಲಿ ಬಿಟ್ಟರು ಎಂದು ಹೆಸರು ಹಾಕಿ ಬರೆಯಿರಿ. ಮೂರನೇ ಕಾಲಂಗೆ ಬೇರೆ ಕಡೆ ಹುಡುಕಬೇಕಾಗುತ್ತದೆ, ಆದರೂ ಅದು ಬೇಕು.

ನಿಮ್ಮ ಕಚೇರಿಯಲ್ಲಿ ಇದಕ್ಕೆ ಕೂರುವಷ್ಟು ಸಮಯ ಯಾರಿಗೂ ಇಲ್ಲದಿದ್ದರೆ ನನಗೆ ಹೇಳಿ ಕಳಿಸಿ. ಜಪಾನ್, ಜರ್ಮನಿ, ಫ್ರಾನ್ಸ್ ಈ ಮೂರರ ಪಟ್ಟಿಯನ್ನು ನಾನು ಈಗಾಗಲೇ ಶುರು ಮಾಡಿದ್ದೇನೆ. ಉಳಿದದ್ದನ್ನೂ ಲೆಡ್ಜರ್ ಹಾಳೆಯಲ್ಲಿ ಬರೆದು ಕಳಿಸುತ್ತೇನೆ.

ಇತಿ,
ನಿವೃತ್ತ ಬ್ಯಾಂಕ್ ಅಧಿಕಾರಿ
ಶಿರಸಿ, ಉತ್ತರ ಕನ್ನಡ